ಆರೋಪದಲ್ಲೇ ತಪ್ಪಿದ್ದರೆ ಶಿಕ್ಷೆ ಬಿದ್ದುಹೋಗುತ್ತದೆಯೇ?

ಕೊಲೆ, ಸುಲಿಗೆ ಕೇಸಿನಲ್ಲಿ ಜೀವಾವಧಿ ಶಿಕ್ಷೆಯಾದವರ ಮನೆಯವರು ವಕೀಲರ ಮುಂದೆ ಕೂತು ಹೇಳುವ ಮಾತೊಂದಿದೆ: ‘ಸಾರ್, ಚಾರ್ಜ್‌ಶೀಟಲ್ಲೇ ತಪ್ಪಿದೆ, ಕೇಸು ನಿಲ್ಲಲ್ಲ.’ ಆದರೆ ಮೇಲ್ಮನವಿಯಲ್ಲಿ ನೋಡಬೇಕಾದ್ದು ಪೊಲೀಸರ ಚಾರ್ಜ್‌ಶೀಟನ್ನಲ್ಲ; ಸೆಷನ್ಸ್ ನ್ಯಾಯಾಧೀಶರು ಆರೋಪಿಗೆ ಓದಿ ಹೇಳಿ, ಒಪ್ಪುತ್ತೀರಾ ಎಂದು ಕೇಳಿದ ದೋಷಾರೋಪವನ್ನು. ಅದರ ನಕಲು ಮೊದಲು ಕೈಗೆ ಬರಲಿ.

ದಿನ, ಜಾಗ, ಕಳುವಾದ ವಸ್ತು, ಕಲಂ ಎಲ್ಲ ಅದರಲ್ಲಿರಬೇಕು. ಆಯುಧ ತೋರಿಸಿ ಸುಲಿಗೆ ಮಾಡಿದ ಕೇಸಾದರೆ, ಆಯುಧ ಬಳಸಿದ್ದು ಯಾರೆಂಬುದನ್ನು ವಿಶೇಷವಾಗಿ ನೋಡಿ. ಐಪಿಸಿ 397ರ, ಅಂದರೆ 2024ರ ಜುಲೈ 1ರಿಂದೀಚೆಗಿನ ಅಪರಾಧಗಳಿಗಾದರೆ ಭಾರತೀಯ ನ್ಯಾಯ ಸಂಹಿತೆಯ 311ರ, ಕನಿಷ್ಠ 7 ವರ್ಷದ ಶಿಕ್ಷೆ ಮಾರಕಾಯುಧ ಬಳಸಿದವನಿಗೆ. ಬರಿಗೈಯಲ್ಲಿ ಜೊತೆಗಿದ್ದವನಿಗೆ ಅದು ತಾನಾಗಿ ಅಂಟುವುದಿಲ್ಲ.

ತಪ್ಪು ಸಿಕ್ಕಿತು ಎಂದುಕೊಳ್ಳಿ. ಅಷ್ಟಕ್ಕೇ ತೀರ್ಪು ರದ್ದಾಗದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 464, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 510 ಕೇಳುವುದು ಒಂದೇ: ಇದರಿಂದ ನ್ಯಾಯಕ್ಕೆ ಧಕ್ಕೆಯಾಯಿತೇ? 1955ರಲ್ಲಿ ಸ್ಲೇನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಮುಂದೆ ಬಂದದ್ದೂ ಇದೇ. ಅಣ್ಣತಮ್ಮಂದಿರ ಮೇಲೆ ಸಮಾನ ಉದ್ದೇಶದ ಕೊಲೆ ಆರೋಪವಿತ್ತು, ಒಬ್ಬ ಖುಲಾಸೆಯಾದ. ಇನ್ನೊಬ್ಬನ ಮೇಲೆ ಪ್ರತ್ಯೇಕ ಕೊಲೆ ಆರೋಪವಿರಲಿಲ್ಲ. ತಾನು ಎದುರಿಸಬೇಕಾದ್ದು ಏನೆಂದು ಅವನಿಗೆ ಗೊತ್ತಿತ್ತು, ಹಾಗಾಗಿ ಈ ಲೋಪ ಸರಿಪಡಿಸಬಹುದಾದದ್ದು ಎಂದಿತು ಕೋರ್ಟು. ಶಿಕ್ಷೆ ತಗ್ಗಿತಾದರೂ ಅದು ಕೃತ್ಯದ ಸ್ವರೂಪ ನೋಡಿ.

ಇದಕ್ಕೆ ತದ್ವಿರುದ್ಧ ಕರ್ನಾಟಕದಿಂದಲೇ ಹೋದ ಒಂದು ಕೇಸು, 2001ರ ತೀರ್ಪು. ಆರೋಪ ಕೊಲೆಯದು, ಹೈಕೋರ್ಟು ಶಿಕ್ಷಿಸಿದ್ದು ವರದಕ್ಷಿಣೆ ಸಾವಿಗೆ. ಕೊಲೆಯನ್ನು ಪ್ರಾಸಿಕ್ಯೂಷನ್ ಸಾಬೀತು ಮಾಡಬೇಕು. ವರದಕ್ಷಿಣೆ ಸಾವಿನಲ್ಲಿ, ಆರಂಭಿಕ ಅಂಶಗಳು ರುಜುವಾದರೆ, ಭಾರ ಆರೋಪಿಯ ಹೆಗಲಿಗೆ. ಆ ಭಾರ ತನ್ನ ಮೇಲಿದೆ ಎಂದೇ ಗೊತ್ತಿಲ್ಲದವನು ಹೇಗೆ ಇಳಿಸಿಯಾನು? ಸುಪ್ರೀಂ ಕೋರ್ಟು ಪ್ರಕರಣವನ್ನು ವಿಚಾರಣಾ ನ್ಯಾಯಾಲಯಕ್ಕೆ ಮರಳಿಸಿತು.

ಆದ್ದರಿಂದ ಮನವಿಯಲ್ಲಿ ‘ಆರೋಪ ದೋಷಪೂರಿತ’ ಎಂದಷ್ಟೇ ಬರೆದರೆ ಕಾಗದ ದಂಡ. ಸರಿಯಾಗಿ ತಿಳಿದಿದ್ದರೆ ಯಾವ ಸಾಕ್ಷಿಗೆ ಯಾವ ಪ್ರಶ್ನೆ ಕೇಳುತ್ತಿದ್ದಿರಿ, ಯಾವ ದಾಖಲೆ ಹಾಜರುಪಡಿಸುತ್ತಿದ್ದಿರಿ ಎಂದು ಬಿಡಿಸಿ ಹೇಳಬೇಕು. ವಿಚಾರಣೆಯಲ್ಲೇ ಯಾಕೆ ಆಕ್ಷೇಪಿಸಲಿಲ್ಲ ಎಂದೂ ಕೋರ್ಟು ಕೇಳುತ್ತದೆ. ಗೆದ್ದರೂ ನೇರ ಬಿಡುಗಡೆಯ ಬದಲು ಮರುವಿಚಾರಣೆಗೆ ಆದೇಶವಾಗಬಹುದು. ಸಾಬೀತಾದ ಸಂಗತಿಗಳ ಮೇಲೆ ಯಾವ ಆರೋಪವೂ ಹೊರಿಸಲು ಬಾರದು ಅನ್ನಿಸಿದರೆ ಮಾತ್ರ ಶಿಕ್ಷೆ ರದ್ದು. ನನ್ನ ಅಭಿಪ್ರಾಯದಲ್ಲಿ, ಇಂಥ ಮೇಲ್ಮನವಿಯ ಮೊದಲ ಅಸ್ತ್ರ ಸಾಕ್ಷ್ಯವೇ ಆಗಬೇಕು. ಒಡವೆ ಜಪ್ತಿಯ ಮಹಜರಿಗೆ ಸಹಿ ಹಾಕಿದ ಪಂಚರು ಏನು ನುಡಿದರು, ಗುರುತು ಪತ್ತೆ ಪರೇಡು ಎಷ್ಟು ತಡವಾಗಿ ನಡೆಯಿತು ಎಂಬುದನ್ನು ಮುಂದಿಟ್ಟು, ಆರೋಪದ ಲೋಪವನ್ನು ಜೊತೆಗೆ ಸೇರಿಸಿ.

ಹೈಕೋರ್ಟಿಗೆ ಹೋಗಲು 60 ದಿನ, ಮರಣದಂಡನೆಯಾದರೆ 30. ತೀರ್ಪಿನ ನಕಲಿಗೆ ಹಿಡಿದ ಸಮಯ ಲೆಕ್ಕದಿಂದ ಹೊರಗೆ. ವಿಳಂಬವಾದರೆ ಕಾರಣ ಹೇಳಿ ಮನ್ನಾ ಕೇಳಬಹುದು. ಶಿಕ್ಷೆ ಅಮಾನತಿಗೂ ಅರ್ಜಿ ಹಾಕಬಹುದು. ಜೈಲಿನಲ್ಲಿರುವವರು ಜೈಲಧಿಕಾರಿಯ ಮೂಲಕವೇ ಮನವಿ ಕಳಿಸಬಹುದು. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ; ಕಾನೂನು ಸೇವೆಗಳ ಸಹಾಯವಾಣಿ 15100.