ಟ್ಯಾಂಕಿನ ಮೇಲೆ ಮಗು ಬೇಡ

ರಾಬರ್ಟ್‌ಸನ್‌ಪೇಟೆಯಿಂದ ಬಂಗಾರಪೇಟೆಗೆ ಬೈಕಿನಲ್ಲಿ ಹೊರಟಿದ್ದೀರಾ? ದಯವಿಟ್ಟು ಮಗುವನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಬೇಡಿ. ತಂಗಾಳಿ ಬೀಸಿದರೆ ಸಾಕು, ಮಕ್ಕಳಿಗೆ ತೂಕಡಿಕೆ. ತಲೆ ಹ್ಯಾಂಡಲ್ ಕಡೆಗೆ ವಾಲುತ್ತದೆ. ದಿಢೀರನೆ ಬ್ರೇಕ್ ಹಾಕಿದರೆ ಮೊದಲ ಪೆಟ್ಟು ಆ ಪುಟ್ಟ ಹಣೆಗೇ.

ಇಂತಿಷ್ಟು ವಯಸ್ಸಾಗದೆ ಬೈಕ್ ಹತ್ತಿಸಬಾರದು ಎಂದು ನಮ್ಮ ಕಾನೂನು ಹೇಳಿಲ್ಲ. ಆದರೆ 9 ತಿಂಗಳಿನಿಂದ 4 ವರ್ಷದ ಮಕ್ಕಳಿಗೆ ಅಳತೆಗೊಪ್ಪುವ ಹೆಲ್ಮೆಟ್, ಸವಾರನ ಮೈಗೆ ಮಗುವನ್ನು ಬಿಗಿದಿಡುವ ಸುರಕ್ಷತಾ ಪಟ್ಟಿ ಎರಡೂ ಬೇಕೆಂದು 2022ರಲ್ಲೇ ಕೇಂದ್ರ ನಿಯಮ ಬಂದಿದೆ. ವೇಗವೂ ಗಂಟೆಗೆ 40 ಕಿ.ಮೀ. ದಾಟುವಂತಿಲ್ಲ. 4 ವರ್ಷ ದಾಟಿದವರಿಗೂ ಹೆಲ್ಮೆಟ್ ಕಡ್ಡಾಯ.

9 ತಿಂಗಳಿಗಿಂತ ಎಳೆಯ ಕೂಸಾದರೆ ಬೈಕೇ ಬೇಡ ಅನ್ನುತ್ತೇನೆ. ಮಾರಿಕುಪ್ಪಂ ಕಡೆಯಿಂದ ಬಂಗಾರಪೇಟೆಗೆ ರೈಲಿದೆ, ಬಸ್ಸೂ ಇದೆ. ಮಡಿಲಲ್ಲಿಟ್ಟುಕೊಂಡು ಆರಾಮವಾಗಿ ಹೋಗಿಬನ್ನಿ.