ಹಾಯಿಯನ್ನೇರಿಸುವ ಹಗ್ಗ

ಹಳಗನ್ನಡದ ಪಕಾರವು ಹಕಾರವಾಗಿ ಮಾರ್ಪಟ್ಟ ಅನೇಕ ಶಬ್ದಗಳ ಸಾಲಿಗೆ ‘ಹಾಯಿ’ ಎಂಬುದೂ ಸೇರಿದುದು. ತಮಿಳಿನಲ್ಲಿ ಇದರ ಜ್ಞಾತಿಪದವಾದ ‘ಪಾಯ್’ ಎಂಬುದಕ್ಕೆ ಚಾಪೆಯೆಂದೂ ಅರ್ಥ, ಹಾಯಿಯೆಂದೂ ಅರ್ಥ. ಹಿಂದೂಮಹಾಸಾಗರದ ನಾವಿಕರು ಒಂದು ಕಾಲದಲ್ಲಿ ಗರಿಯಿಂದ ಹೆಣೆದ ಚಾಪೆಗಳನ್ನೇ ಗಾಳಿಗೆ ಒಡ್ಡುತ್ತಿದ್ದರೆಂಬುದನ್ನು ನೆನೆದರೆ ಈ ಅರ್ಥದ್ವಯವು ಅಚ್ಚರಿಯನ್ನುಂಟುಮಾಡದು. ಹಾಯಿಯನ್ನು ಮೇಲಕ್ಕೆಳೆಯುವ ಹಗ್ಗಕ್ಕೆ ಇಂಗ್ಲಿಷಿನಲ್ಲಿ ‘ಹಾಲ್ಯರ್ಡ್’ ಎಂದು ಹೆಸರು. ಎಳೆಯುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದ ‘ಹ್ಯಾಲಿಯರ್’ ಎಂಬ ಹಳೆಯ ರೂಪಕ್ಕೆ, ಹಾಯಿಯ ಅಡ್ಡಮರವನ್ನು ಹೇಳುವ ‘ಯಾರ್ಡ್’ ಶಬ್ದದ ಛಾಯೆ ಬಿದ್ದು ಈ ರೂಪವಾಯಿತು. ಎಳೆತವೇ ಹೆಸರಾಗಿ ನಿಂತ ಹಗ್ಗವಿದು. ಆ ಎಳೆತವನ್ನು ಹಗುರಗೊಳಿಸುವ ಬಗೆಯೇ ಇಲ್ಲಿ ವಿಚಾರಿಸತಕ್ಕ ವಿಷಯ.

ಇಂದಿನ ಸಾಗರಯಾನದ ಸಣ್ಣ ಹಾಯಿನೌಕೆಗಳ ಪ್ರಧಾನ ಹಾಯಿಯು ಸಾಮಾನ್ಯವಾಗಿ ತ್ರಿಕೋಣಾಕಾರದ್ದು. ಅದರ ಮುಂದಣ ಅಂಚು ಕೂವೆಮರಕ್ಕೂ, ಕೆಳಗಣ ಅಂಚು ಬೂಮ್ ಎಂಬ ಅಡ್ಡತೊಲೆಗೂ ಹೊಂದಿಕೊಂಡಿರುತ್ತದೆ. ಮುಂದಣ ಅಂಚಿಗೆ ಹೊಲಿದ ಸಣ್ಣ ಸಣ್ಣ ಜಾರುಬಿಲ್ಲೆಗಳು ಕೂವೆಮರದ ಹಿಂಬದಿಯ ಗಾಡಿಯಲ್ಲಿ ಒಂದರ ಹಿಂದೊಂದು ಏರುತ್ತವೆ. ಹಾಯಿಯ ತಲೆಗೆ ಕಟ್ಟಿದ ಹಗ್ಗವು ಕೂವೆಯ ತುದಿಯ ರಾಟೆಯನ್ನು ಹಾದು, ಬುಡಕ್ಕಿಳಿದು, ಅಲ್ಲಿ ಮತ್ತೊಂದು ರಾಟೆಯಲ್ಲಿ ತಿರುಗಿ, ಚುಕ್ಕಾಣಿ ಹಿಡಿದವನ ಬಳಿಗೆ ಬರುತ್ತದೆ. ಬಾವಿಯಿಂದ ಕೊಡವನ್ನು ಸೇದಿದವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ರಾಟೆಯ ಕೀಲು ಒಣಗಿದ್ದರೆ ಕೊಡದ ಭಾರವು ಇಮ್ಮಡಿಯಾದಂತೆ ತೋರುವುದನ್ನು ಅವರು ಕೈಯಾರೆ ಅರಿತವರು.

ಕಟ್ಟೆಯ ಮೇಲಿನವರಿಗೆ ಇದು ಬರಿಯ ತೋಳ್ಬಲದ ಮಾತಾಗಿ ಕಾಣಬಹುದು. ಆದರೆ ಸಲೀಸಾಗಿ ಏರದ ಹಾಯಿಯು ಸಲೀಸಾಗಿ ಇಳಿಯುವುದೂ ಇಲ್ಲ. ಗಾಳಿ ಬಿರುಸಾದಾಗ ಹಾಯಿಯ ವಿಸ್ತಾರವನ್ನು ತಗ್ಗಿಸಬೇಕು. ಅದಕ್ಕಾಗಿ ಅದನ್ನು ಒಂದಿಷ್ಟು ಇಳಿಸಿ, ಮಡಿಸಿ, ಕಟ್ಟಿ, ಮತ್ತೆ ಬಿಗಿಯಬೇಕು. ಇಳಿಯಬೇಕಾದ ಹಾಯಿಯು ನಡುವೆ ಸಿಕ್ಕಿಕೊಂಡರೆ ನಾವಿಕನು ಚುಕ್ಕಾಣಿಯನ್ನು ಬಿಟ್ಟು, ಕತ್ತಲಲ್ಲಿ, ಅಲೆ ಹಾಯುವ ಒದ್ದೆ ಹಲಗೆಯ ಮೇಲೆ ಕೂವೆಯ ಬುಡಕ್ಕೆ ತೆವಳಬೇಕಾಗುತ್ತದೆ. ಒಂಟಿಯಾಗಿ ಹೊರಟವನು ಅಲ್ಲಿಂದ ಕಾಲು ಜಾರಿದರೆ ನೌಕೆಯನ್ನು ಹಿಂದಿರುಗಿಸಿ ತರುವವರು ಯಾರೂ ಇರುವುದಿಲ್ಲ.

ಹಾಯಿಯ ಏರಿಕೆಯನ್ನು ತಡೆಯುವ ಭಾರವು ಮೂರು ಬಗೆಯದು: ಬಟ್ಟೆಯ ತೂಕ, ಘರ್ಷಣೆ, ಗಾಳಿಯ ಒತ್ತಡ. ತೂಕವನ್ನು ಕಡಿಮೆ ಮಾಡುವುದು ಹಾಯಿ ಹೊಲಿಯುವವನ ಕೆಲಸ. ಅದನ್ನು ಇಲ್ಲಿಗೇ ಬಿಡಬಹುದು. ಉಳಿದೆರಡು ನಾವಿಕನ ಕೈಯಲ್ಲಿವೆ.

ಘರ್ಷಣೆಯು ಎಲ್ಲಿ ಅಡಗಿದೆಯೆಂಬುದನ್ನು ಮೊದಲು ಕಂಡುಹಿಡಿಯಬೇಕು. ನಿದಾನವಿಲ್ಲದೆ ಚಿಕಿತ್ಸೆಗೆ ತೊಡಗುವುದು ವೈದ್ಯನಿಗೆ ಹೇಗೋ ನಾವಿಕನಿಗೂ ಹಾಗೆಯೇ ಸಲ್ಲದು. ಗಾಳಿಯಿಲ್ಲದ ದಿನ ಬಂದರಿನಲ್ಲಿ ಹಗ್ಗವನ್ನು ಹಾಯಿಯಿಂದ ಬಿಚ್ಚಿ, ಅದರ ತುದಿಗೆ ನೀರು ತುಂಬಿದ ಬಕೆಟ್ಟನ್ನು ಕಟ್ಟಿ ಎಳೆದು ನೋಡುವುದುಂಟು. ಬಕೆಟ್ಟೇ ಭಾರವಾಗಿ ಏರಿದರೆ ದೋಷವು ರಾಟೆಗಳಲ್ಲಿದೆ, ಇಲ್ಲವೆ ಹಗ್ಗದಲ್ಲಿದೆ: ರಾಟೆಯ ಕೀಲು ಸವೆದಿರಬಹುದು, ಹಗ್ಗವು ರಾಟೆಯ ಗಾಡಿಗಿಂತ ದಪ್ಪವಾಗಿರಬಹುದು, ಕೂವೆಯೊಳಗೆ ಮತ್ತೊಂದು ಹಗ್ಗದೊಡನೆ ಹೆಣೆದುಕೊಂಡಿರಬಹುದು. ಬಕೆಟ್ಟು ಸಲೀಸಾಗಿ ಏರಿ ಹಾಯಿ ಮಾತ್ರ ಏರದಿದ್ದರೆ ದೋಷವು ಕೂವೆಯ ಗಾಡಿಯಲ್ಲಿ ಅಥವಾ ಬಿಲ್ಲೆಗಳಲ್ಲಿದೆಯೆಂದು ತಿಳಿಯತಕ್ಕದ್ದು.

ಗಾಡಿಯ ದೋಷಕ್ಕೆ ಮೊದಲ ಮದ್ದು ಸಿಹಿನೀರು. ಕಡಲ ಉಪ್ಪು ಹರಳುಗಟ್ಟಿ, ಧೂಳು ಸೇರಿ, ಬಿಲ್ಲೆಗಳನ್ನು ಕಚ್ಚಿಹಿಡಿಯುತ್ತದೆ. ಚೆನ್ನಾಗಿ ತೊಳೆದು ಒಣಗಿಸಿದ ಬಳಿಕ ಸಿಲಿಕೋನ್ ಅಥವಾ ಟೆಫ್ಲಾನ್ ಜಾತಿಯ ಒಣ ಲೇಪವನ್ನು ಹಚ್ಚುತ್ತಾರೆ. ಗ್ರೀಸು ಹಚ್ಚುವುದು ಅವಿವೇಕ. ಅದು ಎರಡು ದಿನ ಜಾರಿಸಿ, ಮೂರನೆಯ ದಿನದಿಂದ ಮರಳನ್ನೂ ಮಸಿಯನ್ನೂ ಕೂಡಿಹಾಕಿಕೊಳ್ಳುತ್ತದೆ, ಹಾಯಿಗೂ ಕಲೆ ತಗಲಿಸುತ್ತದೆ. ಹಾಯಿಯ ಅಗಲಕ್ಕೂ ಪಟ್ಟಿಗಳನ್ನು ತೂರಿಸಿದ ನೌಕೆಗಳಲ್ಲಿ ಇನ್ನೊಂದು ತೊಡಕುಂಟು. ಹಾಯಿಯನ್ನು ಹರವಾಗಿ ಹಿಡಿಯುವ ಈ ಪಟ್ಟಿಗಳು ಗಾಳಿ ತುಂಬಿದೊಡನೆ ಕೂವೆಯ ಕಡೆಗೆ ಒತ್ತುತ್ತವೆ. ಸಾಮಾನ್ಯ ಬಿಲ್ಲೆಗಳು ಆ ಒತ್ತಡಕ್ಕೆ ಓರೆಯಾಗಿ ಸಿಕ್ಕಿಬೀಳುತ್ತವೆ. ಅಂಥಲ್ಲಿ ಗುಂಡುಗಳ ಮೇಲೆ ಉರುಳುವ ಪುಟ್ಟ ಗಾಲಿಬಂಡಿಗಳನ್ನು ಜೋಡಿಸುವರು. ವೆಚ್ಚ ಹೆಚ್ಚು, ಗುಣವೂ ಹೆಚ್ಚು.

ರಾಟೆಗಳ ಲೆಕ್ಕವನ್ನು ತುಸು ಸಾವಧಾನದಿಂದ ನೋಡಬೇಕು. ಒಂದೊಂದು ರಾಟೆಯೂ ಎಳೆತದ ಹತ್ತರಲ್ಲೊಂದು ಪಾಲನ್ನು ನುಂಗುವುದೆಂದು ಭಾವಿಸಿದರೆ, ನಾಲ್ಕು ರಾಟೆಗಳನ್ನು ಹಾದು ಬಂದ ಹಗ್ಗದಲ್ಲಿ ನೂರು ಪಾಲು ಎಳೆತಕ್ಕೆ ಸುಮಾರು 66 ಪಾಲು ಮಾತ್ರ ಹಾಯಿಯನ್ನು ತಲಪುತ್ತದೆ. ಆದಕಾರಣ ಅನವಶ್ಯಕ ತಿರುವುಗಳನ್ನು ಕಳೆಯುವುದು, ಇರುವ ರಾಟೆಗಳನ್ನು ಅಗಲವಾದ, ಗುಂಡುಗಳುಳ್ಳ ರಾಟೆಗಳಿಂದ ಬದಲಿಸುವುದು ಮೊದಲ ಉಪಾಯ. ಎರಡನೆಯದು ಚಲಿಸುವ ರಾಟೆ. ಹಗ್ಗದ ಒಂದು ತುದಿಯನ್ನು ಕೂವೆಯ ತುದಿಯಲ್ಲಿ ಬಿಗಿದು, ಹಾಯಿಯ ತಲೆಯಲ್ಲಿ ರಾಟೆಯನ್ನಿಟ್ಟು, ಅದರ ಮೂಲಕ ಹಗ್ಗವನ್ನು ಮತ್ತೆ ಮೇಲಕ್ಕೊಯ್ದರೆ ಹಾಯಿಯ ಭಾರವನ್ನು ಎರಡು ಎಳೆಗಳು ಹಂಚಿಕೊಳ್ಳುತ್ತವೆ. 40 ಕಿಲೋಗ್ರಾಂ ತೂಗುವ ಹಾಯಿಗೆ, ಘರ್ಷಣೆಯನ್ನು ಬಿಟ್ಟರೆ, 20 ಕಿಲೋಗ್ರಾಮಿನಷ್ಟು ಎಳೆತ ಸಾಕು. ಆದರೆ ಪ್ರಕೃತಿಯು ಯಾವುದನ್ನೂ ಪುಕ್ಕಟೆಯಾಗಿ ಕೊಡುವವಳಲ್ಲ: ಹಾಯಿಯು 15 ಮೀಟರ್ ಏರಬೇಕಾದರೆ ಕೈಯಿಂದ 30 ಮೀಟರ್ ಹಗ್ಗ ಹಾಯಬೇಕು, ಇಳಿಸುವಾಗ ಅಷ್ಟೇ ಹಗ್ಗ ಹಿಂದಕ್ಕೆ ಓಡಬೇಕು. ಪ್ರೌಢಶಾಲೆಯ ಹಲಗೆಯ ಮೇಲೆ ಬರೆಯುವ ರಾಟೆಯ ಚಿತ್ರವು ಇಲ್ಲಿ ಕಡಲಿನ ನಡುವೆ ಪರೀಕ್ಷೆಗೊಳಗಾಗುತ್ತದೆ.

ಕೊನೆಯ ಬಿಗಿತಕ್ಕೆ ವಿಂಚ್ ಎಂಬ ಉರುಳೆಯುಂಟು. ಅದಕ್ಕೆ ಹಗ್ಗವನ್ನು ಮೂರು ನಾಲ್ಕು ಸುತ್ತು ಸುತ್ತಿ ಹಿಡಿಕೆಯನ್ನು ತಿರುಗಿಸುವರು. ರಾಟೆಯಲ್ಲಿ ಶತ್ರುವಾಗಿದ್ದ ಘರ್ಷಣೆಯು ಉರುಳೆಯ ಮೈಯಲ್ಲಿ ಮಿತ್ರನಾಗಿ ಹಗ್ಗವನ್ನು ಜಾರಗೊಡದೆ ಹಿಡಿಯುವುದು ನೋಡತಕ್ಕ ಸಂಗತಿ. ಉರುಳೆಯಿಲ್ಲದ ಕಾಲದಿಂದಲೂ ನಡೆದುಬಂದ ಇನ್ನೊಂದು ಚಮತ್ಕಾರವಿದೆ. ಬಿಗಿದು ನಿಂತ ಹಗ್ಗವನ್ನು ನಡುವೆ ಹಿಡಿದು ಬಿಲ್ಲಿನ ಹೆದೆಯಂತೆ ಪಕ್ಕಕ್ಕೆ ಸೆಳೆದು, ಬಿಡುವಾಗ ದೊರೆತ ಸಡಿಲನ್ನು ಇನ್ನೊಬ್ಬನು ಕೆಳಗೆ ಎಳೆದುಕೊಳ್ಳುವುದು. ಅಲ್ಪ ಬಲದಿಂದ ಅಂಗುಲ ಅಂಗುಲವಾಗಿ ಹಾಯಿಯೇರುತ್ತದೆ. ಹತ್ತೊಂಬತ್ತನೆಯ ಶತಮಾನದ ವ್ಯಾಪಾರಿ ಹಡಗುಗಳಲ್ಲಿ ಈ ಎಳೆತಕ್ಕೆ ಹಾಡೂ ಇತ್ತು. ಒಬ್ಬನು ಚರಣವನ್ನೆತ್ತಿದರೆ ಉಳಿದವರು ಪಲ್ಲವಿಯ ಗೊತ್ತಾದ ಅಕ್ಷರಗಳ ಮೇಲೆ ಒಟ್ಟಾಗಿ ಹಗ್ಗವನ್ನು ಜಗ್ಗುತ್ತಿದ್ದರು. ನಮ್ಮ ಬೀಸುವ ಪದಗಳ ಬಂಧುಗಳಿವು. ಛಂದಸ್ಸು ಅಲ್ಲಿ ತೋಳಿನ ಅಳತೆಯಾಗಿತ್ತು.

ಗಾಳಿಯ ಒತ್ತಡವೆಂಬ ಮೂರನೆಯ ಭಾರಕ್ಕೆ ಹಣ ಬೇಡ, ವಿವೇಕ ಬೇಕು. ನೌಕೆಯ ಮೂಗನ್ನು ಗಾಳಿಗೆದುರಾಗಿ ತಿರುಗಿಸಿದರೆ ಹಾಯಿಯು ಬಾವುಟದಂತೆ ಪಟಪಟಿಸುತ್ತ ಗಾಳಿಯನ್ನು ತುಂಬಿಕೊಳ್ಳದೆ ಏರುತ್ತದೆ. ಬೂಮನ್ನು ಹಿಡಿದಿಡುವ ‘ಷೀಟ್’ ಎಂಬ ಹಗ್ಗವನ್ನು ಮೊದಲೇ ಸಡಿಲಿಸಿರಬೇಕು. (ಈ ಹೆಸರನ್ನು ಕೇಳಿ ಅದು ಹಾಯಿಯ ಬಟ್ಟೆಯೇ ಇರಬೇಕೆಂದು ಮೋಸಹೋಗುವವರು ಬಹಳ.) ಬೂಮನ್ನು ಕೆಳಕ್ಕೆ ಜಗ್ಗುವ ಕಟ್ಟನ್ನೂ, ಹಾಯಿ ಮಡಿಸುವ ಹಗ್ಗಗಳನ್ನೂ ಬಿಡಬೇಕು. ಇವುಗಳಲ್ಲಿ ಒಂದನ್ನು ಮರೆತರೂ ಎಳೆಯುವವನು ಹಾಯಿಯೊಡನೆ ತೊಲೆಯನ್ನೂ ಎತ್ತತೊಡಗಿರುತ್ತಾನೆ. ಹಠಾತ್ತಾಗಿ ಭಾರವೆನಿಸಿದರೆ ಎಳೆತವನ್ನು ಹೆಚ್ಚಿಸದೆ ಕತ್ತೆತ್ತಿ ಮೇಲೆ ನೋಡಬೇಕೆಂಬುದು ಅನುಭವಿಗಳ ಕಟ್ಟಪ್ಪಣೆ. ಹಿಡಿಕೆಯ ಬಲದಿಂದ ಹರಿದ ಹಾಯಿಗಳು ಎಷ್ಟೋ.

ಇದೆಲ್ಲದರ ಬೆಲೆಯು ಒಂಟಿಯಾನದಲ್ಲಿ ತಿಳಿಯುತ್ತದೆ. 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್ತಿನಿಂದ ಹೊರಟ ರಾಬಿನ್ ನಾಕ್ಸ್-ಜಾನ್‌ಸ್ಟನ್ನರು 1969ರ ಏಪ್ರಿಲ್ 22ರಂದು, ನಡುವೆ ಎಲ್ಲಿಯೂ ತಂಗದೆ, ಒಬ್ಬರೇ ಭೂಮಿಯನ್ನು ಸುತ್ತಿ ಹಿಂದಿರುಗಿದರು. ಲೋಕದಲ್ಲಿ ಹಾಗೆ ಸುತ್ತಿದವರಲ್ಲಿ ಅವರೇ ಮೊದಲಿಗರು. ಅವರ ‘ಸುಹೈಲಿ’ಯು ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ ನೌಕೆ. ಭಾರತೀಯ ನೌಕಾದಳದ ಅಭಿಲಾಷ್ ಟೋಮಿಯವರು 2012ರ ನವೆಂಬರ್ 1ರಂದು ಮುಂಬಯಿಯಿಂದ ಹೊರಟು 2013ರ ಮಾರ್ಚ್ ಕೊನೆಯಲ್ಲಿ ಅದೇ ಸಾಧನೆಯನ್ನು ಭಾರತೀಯರಲ್ಲಿ ಮೊದಲಿಗರಾಗಿ ಪೂರೈಸಿದರು. ಅವರ ನೌಕೆಯು ಗೋವೆಯಲ್ಲಿ ಕಟ್ಟಲ್ಪಟ್ಟ ‘ಮ್ಹಾದೇಯಿ’. ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ಹುಟ್ಟಿ ಗೋವೆಯಲ್ಲಿ ಮಾಂಡವಿಯಾಗುವ ಮಹದಾಯಿಯ ಹೆಸರೇ ಅದು. ಕನ್ನಡನಾಡಿನ ಹೊಳೆಯ ಹೆಸರು ಹೊತ್ತ ನೌಕೆಯು ಭೂಗೋಲವನ್ನು ಬಳಸಿ ಬಂದಿತು.

ಇಂಥ ಯಾನಿಕರು ಹೊರಡುವ ಮುನ್ನ ಹಗ್ಗದ ಎರಡು ತುದಿಗಳನ್ನೂ ನೋಡಿಕೊಳ್ಳುತ್ತಾರೆ. ಹಾಯಿಯ ತಲೆಯ ಕೊಂಡಿ ಪೂರ್ತಿ ಮುಚ್ಚಿದೆಯೆ, ಕೈಯ ಬದಿಯ ತುದಿಗೆ ಗಂಟು ಬಿದ್ದಿದೆಯೆ ಎಂದು. ಗಂಟಿಲ್ಲದ ತುದಿಯು ಕೈಜಾರಿ ಕೂವೆಯೊಳಗೆ ಹೊಕ್ಕರೆ, ಅಥವಾ ಕೊಂಡಿ ಬಿಚ್ಚಿದ ಹಗ್ಗವು ಮೇಲಿನ ರಾಟೆಯವರೆಗೆ ಓಡಿಹೋದರೆ, ಅದನ್ನು ತರಲು ತೂಗಾಡುವ ಕೂವೆಯನ್ನು ಮನುಷ್ಯನೇ ಏರಬೇಕು.