ಅರಕೆರೆ ದಾರಿಗೆ ಒಗ್ಗುವ ಕಾರ್ಬನ್

ಚೀನಾದ ಅಗ್ಗದ ಕಾರ್ಬನ್ ಫ್ರೇಮು ತರಿಸಬೇಕು ಅಂತ ವಿಚಾರಿಸಿಕೊಂಡು ಬರುವ ಹುಡುಗರು ಮೊದಲು ಕೇಳುವುದು ಒಂದೇ: ‘ಮುರಿಯಲ್ವಾ ಅಣ್ಣ?’ ನಾನು ಅವರನ್ನು ತಿರುಗಿ ಎರಡು ಕೇಳುತ್ತೇನೆ. ಓಡಿಸೋದು ಯಾವ ರಸ್ತೆಯಲ್ಲಿ? ಕೆಟ್ಟರೆ ಸಾಮಾನು ಎಲ್ಲಿ ಸಿಗುತ್ತೆ? ಅರಕೆರೆಯಲ್ಲಿದ್ದುಕೊಂಡು ಕಾರ್ಬನ್ ಸೈಕಲ್ ಕಟ್ಟಿ ಓಡಿಸಿದ್ದರಲ್ಲಿ ನಾನು ಕಲಿತದ್ದೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ. ಇವಕ್ಕೆ ಉತ್ತರ ಸಿಕ್ಕಿತೆಂದರೆ ಬ್ರಾಂಡು, ಬಣ್ಣ, ತೂಕದ ಮಾತೆಲ್ಲ ತಾನಾಗಿ ಹಿಂದೆ ಸರಿಯುತ್ತದೆ.

ಮೊದಲು ರಸ್ತೆ. ನಮ್ಮ ಓಡಾಟ ಬನ್ನೂರು ರಸ್ತೆ, ನಾಲೆ ಏರಿ, ಶ್ರೀರಂಗಪಟ್ಟಣದಿಂದ ಕೆಆರ್‌ಎಸ್ ಕಡೆಗೆ; ಮೈ ಬಗ್ಗಿಸಬೇಕು ಅನ್ನಿಸಿದ ದಿನ ಪಾಂಡವಪುರ, ಜಕ್ಕನಹಳ್ಳಿ ಹಾದು ಮೇಲುಕೋಟೆ ಏರು. ಬೆಂಗಳೂರು–ಮೈಸೂರು ಹೆದ್ದಾರಿಯ ನುಣುಪಾದ ಭಾಗ ನಮ್ಮದಲ್ಲ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್ ಜೊತೆಗೆ ಎಂಜಿನ್ ಇಲ್ಲದ ಗಾಡಿಗಳಿಗೂ ಪ್ರವೇಶವಿಲ್ಲ. ನಮಗೆ ಉಳಿದಿರುವುದು ಸರ್ವಿಸ್ ರಸ್ತೆ, ಅದರ ಹಂಪುಗಳು, ಅಂಚಿಗೆ ಕೊಚ್ಚಿ ಬಂದ ಜಲ್ಲಿ. ಕಬ್ಬು ಅರೆಯುವ ಕಾಲಕ್ಕೆ ಟ್ರ್ಯಾಕ್ಟರಿನಿಂದ ಜಾರಿದ ಜಲ್ಲೆ ರಸ್ತೆ ನಡುವೆ ಬಿದ್ದಿರುತ್ತದೆ. ಇಂಥ ಕಡೆ 25 ಮಿಲಿಮೀಟರಿನ ಟಯರಷ್ಟೇ ಹಿಡಿಸುವ ಫ್ರೇಮು ಎಷ್ಟು ಹಗುರವಾಗಿದ್ದರೂ ನನಗೆ ಬೇಡ. ಕನಿಷ್ಠ 32 ಮಿಲಿಮೀಟರ್ ಟಯರು ಸಲೀಸಾಗಿ ತಿರುಗಿ, ಎರಡೂ ಬದಿ ಕೆಸರಿಗೆ ಜಾಗ ಉಳಿಯಬೇಕು. ‘ಕಾರ್ಬನ್ ಕುಲುಕು ನುಂಗುತ್ತೆ’ ಅನ್ನುತ್ತಾರೆ. ಸ್ವಲ್ಪ ನುಂಗುತ್ತದೆ, ನಿಜ. ಆದರೆ ದಪ್ಪ ಟಯರಿಗೆ ಗಾಳಿ ಕಡಿಮೆ ಹೊಡೆಸಿದರೆ ಸಿಗುವ ಸುಖದ ಮುಂದೆ ಅದು ಏನೇನೂ ಅಲ್ಲ.

ಇನ್ನೊಂದು ನಮ್ಮ ಕಡೆಯದೇ ಕಷ್ಟ. ಸಂಕ್ರಾಂತಿಯ ಆಸುಪಾಸಿನಲ್ಲಿ ರಾಗಿ, ಹುರುಳಿ ಒಕ್ಕಣೆ ಟಾರ್ ರಸ್ತೆ ಮೇಲೇ ನಡೆಯುತ್ತದೆ. ರಾಗಿ ಹುಲ್ಲು ಹೇಗೋ ದಾಟಿಸಬಹುದು, ಹುರುಳಿ ಬಳ್ಳಿ ಬಿಡುವುದಿಲ್ಲ. ಹಿಂದಿನ ಹಲ್ಲುಚಕ್ರಕ್ಕೆ ಸುತ್ತಿಕೊಂಡರೆ ಚೈನಿನ ಜೊತೆ ಗೇರು ಬದಲಿಸುವ ಡಿರೇಲರನ್ನೂ ಎಳೆದುಕೊಂಡು ಹೋಗುತ್ತದೆ. ಆಗ ಮೊದಲು ಮುರಿಯುವುದು ಹ್ಯಾಂಗರ್, ಅಂದರೆ ಡಿರೇಲರನ್ನು ಫ್ರೇಮಿಗೆ ಹಿಡಿಸಿರುವ ಬೆರಳುದ್ದದ ಅಲ್ಯೂಮಿನಿಯಂ ತುಂಡು. ಫ್ರೇಮು ಉಳಿಯಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ತೊಂದರೆ ಏನೆಂದರೆ ಒಂದು ಫ್ರೇಮಿನ ಹ್ಯಾಂಗರ್ ಇನ್ನೊಂದಕ್ಕೆ ಕೂರುವುದು ಅಪರೂಪ. ದೊಡ್ಡ ಕಂಪನಿಯ ಸೈಕಲ್ಲಾದರೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಹುಡುಕಬಹುದು. ಚೀನಾದಿಂದ ಬಂದ ಹೆಸರಿಲ್ಲದ ಫ್ರೇಮಿನದ್ದು ಚೀನಾದಿಂದಲೇ ಬರಬೇಕು. ಹಾಗಾಗಿ ಫ್ರೇಮಿನ ಜೊತೆಯಲ್ಲೇ ಎರಡು ಹ್ಯಾಂಗರ್, ಹೆಡ್‌ಸೆಟ್ಟಿನ ಬೇರಿಂಗು, ಸೀಟ್‌ಪೋಸ್ಟ್ ಬಿಗಿಯುವ ಬೆಣೆ, ಚಕ್ರದ ಆಕ್ಸಲ್ ತರಿಸಿಕೊಂಡುಬಿಡಬೇಕು. ಇವೆಲ್ಲ ಸೇರಿದರೂ ಕೊಡುವ ದುಡ್ಡು ಅಲ್ಪ, ಇಲ್ಲದಿದ್ದರೆ ಸೈಕಲ್ ತಿಂಗಳುಗಟ್ಟಲೆ ಗೋಡೆಗೆ ಒರಗಿರುತ್ತದೆ. ಈಚಿನ ಕೆಲವು ಫ್ರೇಮುಗಳಿಗೆ ಅಂಥವುಗಳಿಗೆಲ್ಲ ಒಂದೇ ಹೊಂದುವ ಯುಡಿಎಚ್ ಎಂಬ ಹ್ಯಾಂಗರ್ ಬರುತ್ತಿದೆ. ಆಯ್ಕೆಯಿದ್ದರೆ ಅದನ್ನೇ ಹಿಡಿಯಿರಿ.

ಚೀನಾದ್ದು ಎಂದ ಕೂಡಲೇ ಮೂಗು ಮುರಿಯುವವರಿಗೆ ಒಂದು ಮಾತು. ಜಗತ್ತಿನ ಕಾರ್ಬನ್ ಫ್ರೇಮುಗಳಲ್ಲಿ ಬಹುಪಾಲು ತಯಾರಾಗುವುದೇ ಚೀನಾ ಮತ್ತು ತೈವಾನಿನಲ್ಲಿ. ಯುರೋಪು, ಅಮೆರಿಕದ ಹೆಸರು ಹೊತ್ತ ಎಷ್ಟೋ ಸೈಕಲ್ಲುಗಳ ಹುಟ್ಟೂರು ಅದೇ. ನಾವು ಅಗ್ಗಕ್ಕೆ ಕೊಳ್ಳುವುದು ಹೆಚ್ಚಾಗಿ ‘ಓಪನ್ ಮೋಲ್ಡ್’ ಫ್ರೇಮು: ಕಾರ್ಖಾನೆಯೇ ಅಚ್ಚು ಮಾಡಿಟ್ಟುಕೊಂಡು, ಕೇಳಿದವರಿಗೆಲ್ಲ ಅದೇ ಆಕಾರ ತೆಗೆದುಕೊಡುತ್ತದೆ. ಜಾಹೀರಾತು, ರೇಸ್ ತಂಡ, ನಡುವಿನ ವ್ಯಾಪಾರಿಗಳ ಖರ್ಚು ಇಲ್ಲದ್ದರಿಂದ ಬೆಲೆ ಇಳಿಯುತ್ತದೆ. ಅಚ್ಚು ಒಂದೇ ಅಂದ ಮಾತ್ರಕ್ಕೆ ಒಳಗಿನ ಕೆಲಸವೂ ಒಂದೇ ಅಲ್ಲ. ಕಾರ್ಬನ್ ಬಟ್ಟೆಯ ತುಂಡುಗಳನ್ನು ಯಾವ ಕೋನಕ್ಕೆ, ಎಷ್ಟು ಪದರ, ಎಲ್ಲಿ ದಪ್ಪ ಎಲ್ಲಿ ತೆಳು ಅಂತ ಕೈಯಲ್ಲಿ ಹಾಸುತ್ತಾರೆ. ಗಟ್ಟಿತನ ಇರುವುದು ಆ ಹಾಸುವಿಕೆಯಲ್ಲಿ.

ಮಾರುವವರು ಅದನ್ನು ಹೇಳುವುದಿಲ್ಲ, ‘ಟಿ700’, ‘ಟಿ800’, ‘ಟಿ1000’ ಅನ್ನುತ್ತಾರೆ. ಇವು ಜಪಾನಿನ ಟೋರೆ ಕಂಪನಿಯ ಎಳೆಗಳ ಹೆಸರು. ಟಿ700 ಎಳೆಯ ಎಳೆತದ ಬಲ 4,900 ಮೆಗಾಪಾಸ್ಕಲ್; ಟಿ800 ಅದಕ್ಕಿಂತ ಬಲವಾದದ್ದು, ಬಿಗುವೂ ಹೆಚ್ಚು. ಆದರೆ ಅದು ಎಳೆಯ ಲೆಕ್ಕ, ಫ್ರೇಮಿನ ಲೆಕ್ಕವಲ್ಲ. ಟಿ700ನಲ್ಲಿ ನಿಗಾ ಇಟ್ಟು ಮಾಡಿದ, 1,100 ಗ್ರಾಂ ತೂಗುವ ಫ್ರೇಮು, ಟಿ1000 ಎಂದು ಬರೆದುಕೊಂಡ 750 ಗ್ರಾಮಿನ ಫ್ರೇಮಿಗಿಂತ ನಮ್ಮ ರಸ್ತೆಗೆ ಮೇಲು. ಅಗ್ಗದ ಮಾಲಿನಲ್ಲಿ ಅತಿ ಹಗುರವನ್ನು ನಾನು ನಂಬುವುದಿಲ್ಲ. ಮಾರುವವರಿಂದ ನಾನು ಕೇಳುವ ಕಾಗದ ಐಎಸ್ಒ 4210 ಪರೀಕ್ಷೆಯ ವರದಿ, ಅದೂ ನಾನು ಕೊಳ್ಳುವ ಮಾದರಿಯದ್ದೇ. ಸೈಕಲ್ಲಿನ ಸುರಕ್ಷತೆಗೆ ಇರುವ ಅಂತಾರಾಷ್ಟ್ರೀಯ ಮಾನದಂಡ ಅದು. ಫ್ರೇಮು ಮತ್ತು ಫೋರ್ಕನ್ನು ಲಕ್ಷಾಂತರ ಸಲ ತುಳಿದು, ಎಳೆದು, ಮೇಲಿಂದ ಭಾರ ಬೀಳಿಸಿ ನೋಡುತ್ತಾರೆ. ವರದಿ ಕೇಳಿದಾಗ ಬಣ್ಣದ ಚಾರ್ಟು ಕಳಿಸುವವನ ಹತ್ತಿರ ಮಾತು ಮುಂದುವರಿಸಬೇಕಾಗಿಲ್ಲ. ರೇಸಿಗೆ ಇಳಿಯುವ ಆಸೆ ಇದ್ದವರು ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ (ಯುಸಿಐ) ಗುರುತನ್ನೂ ನೋಡಬೇಕು. ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದ ನಾಡು ನಮ್ಮದು. ನಾಳೆ ನಮ್ಮ ಮಂಡ್ಯದ ಮಗುವೊಂದು ಆ ಸಾಲಿಗೆ ನಿಂತರೆ ಸೈಕಲ್ಲಿನ ಕಾರಣಕ್ಕೆ ತಡೆಯಾಗಬಾರದು.

ದೊಡ್ಡ ಇಟಾಲಿಯನ್ ಹೆಸರು ಬಳಿದು ಕಾಲು ಬೆಲೆಗೆ ಕೊಡುವ ನಕಲಿ ಫ್ರೇಮನ್ನಂತೂ ಮುಟ್ಟಲೇಬಾರದು. ಹೆಸರು ಕದ್ದವನು ಪದರ ಕದಿಯುವುದಿಲ್ಲ ಅನ್ನುವುದಕ್ಕೆ ಏನು ಆಧಾರ? ಕಸ್ಟಮ್ಸ್‌ನವರು ತಡೆದು ಜಪ್ತಿ ಮಾಡಿದರೆ ಕೇಳುವ ಬಾಯಿಯೂ ಇರುವುದಿಲ್ಲ. ಚೀನಾದಲ್ಲೇ ತಮ್ಮ ಸ್ವಂತ ಹೆಸರಿನಲ್ಲಿ ಮಾಡುವ ವಿನ್‌ಸ್ಪೇಸ್, ಯೋಲಿಯೊ, ಐಕ್ಯಾನ್, ಚಕ್ರಗಳಿಗೆ ಲೈಟ್ ಬೈಸಿಕಲ್ ಇಂಥವರಿದ್ದಾರೆ. ಸ್ವಂತ ಹೆಸರು ಹಾಕಿಕೊಂಡವರಿಗೆ ಆ ಹೆಸರು ಉಳಿಸಿಕೊಳ್ಳುವ ಹಂಗು ಇರುತ್ತದೆ.

ಅಳತೆಯಲ್ಲಿ 52, 54 ಎಂಬ ಸೈಜು ನೋಡಿ ಆರ್ಡರ್ ಮಾಡಬೇಡಿ. ಒಬ್ಬರ 52 ಇನ್ನೊಬ್ಬರ 54. ಸ್ಟ್ಯಾಕ್ ಮತ್ತು ರೀಚ್ ನೋಡಬೇಕು: ಪೆಡಲಿನ ಕೈಗಳು ತಿರುಗುವ ಅಚ್ಚಿನ ನಡುಬಿಂದುವಿನಿಂದ ಹ್ಯಾಂಡಲ್ ಕೊಳವೆಯ ಮೇಲ್ತುದಿಗೆ ಎಷ್ಟು ಎತ್ತರ, ಎಷ್ಟು ಮುಂದಕ್ಕೆ. ಈಗ ಓಡಿಸುತ್ತಿರುವ ಸೈಕಲ್ ಮೈಗೆ ಒಗ್ಗಿದ್ದರೆ ಅದನ್ನೇ ಗೋಡೆ ಪಕ್ಕ ನೆಟ್ಟಗೆ ನಿಲ್ಲಿಸಿ, ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು ಟೇಪು ಹಿಡಿದರೆ ಎರಡೂ ಸಿಗುತ್ತವೆ. ನಾನು ಹಾಗೇ ಮಾಡಿದ್ದು. ಹೊಲದ ಕೆಲಸಕ್ಕೆ ಬಗ್ಗಿ ಬಗ್ಗಿ ಸೊಂಟ ಮೊದಲೇ ಸವೆದವರು ಸ್ಟ್ಯಾಕ್ ಹೆಚ್ಚಿರುವುದನ್ನೇ ಆರಿಸಲಿ, ರೇಸಿನ ಚೆಂದಕ್ಕೆ ಮರುಳಾಗುವುದು ಬೇಡ.

ಇನ್ನು ಸಾಮಾನು ಸಿಗುವ ಪ್ರಶ್ನೆ. ಪೆಡಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್ ಥ್ರೆಡ್ಡಿನದ್ದಿರಲಿ. ಬಿಎಸ್ಎ ಆದರೆ ಸಾಮಾನ್ಯ ಮೆಕ್ಯಾನಿಕ್‌ಗೂ ಗೊತ್ತು. ಒತ್ತಿ ಕೂರಿಸುವ ಪ್ರೆಸ್‌ಫಿಟ್‌ಗೆ ತೂತಿನ ಅಳತೆ ಕರಾರುವಾಕ್ಕಾಗಿರಬೇಕು, ಅಗ್ಗದ ಫ್ರೇಮು ಕೂದಲೆಳೆಯಷ್ಟು ತಪ್ಪಿದರೂ ಪ್ರತಿ ತುಳಿತಕ್ಕೆ ಕಿರುಗುಟ್ಟುತ್ತದೆ. ಸೀಟ್‌ಪೋಸ್ಟ್ ದುಂಡಗಿನ 27.2 ಮಿಲಿಮೀಟರಿನದ್ದಾದರೆ ಎಲ್ಲಿ ಬೇಕಾದರೂ ಸಿಗುತ್ತದೆ, ಸಣ್ಣಗೆ ಬಳುಕಿ ಬೆನ್ನಿಗೂ ಹಿತ. ಬ್ರೇಕಿನ ಕೊಳವೆ, ಗೇರಿನ ತಂತಿ ಎಲ್ಲವನ್ನೂ ಹೆಡ್‌ಸೆಟ್ಟಿನ ಒಳಗೆ ತೂರಿಸಿದ ಫ್ರೇಮು ಫೋಟೊದಲ್ಲಿ ಚೆಂದ. ಆದರೆ ಒಂದು ಬೇರಿಂಗ್ ಬದಲಾಯಿಸಲು ಅರ್ಧ ಸೈಕಲ್ ಬಿಚ್ಚಬೇಕು. ಮಳೆ, ನಾಲೆ ತೇವ, ಗದ್ದೆ ಕೆಸರು ಇರುವಲ್ಲಿ ಬೇರಿಂಗ್ ಬೇಗ ಹೋಗುತ್ತದೆ, ಆದ್ದರಿಂದ ತಂತಿ ಕೆಳಗಿನ ಕೊಳವೆಯಲ್ಲಿ ಒಳಹೊಕ್ಕರೆ ಸಾಕು.

ದುಡ್ಡಿನ ಲೆಕ್ಕವನ್ನು ಪರದೆ ಮೇಲಿನ ಬೆಲೆಯಿಂದ ಹಾಕಬೇಡಿ. ನಾನು ತರಿಸಿದ ಕಾಲಕ್ಕೆ ಸ್ವಂತ ಬಳಕೆಗೆ ಕೊರಿಯರಿನಲ್ಲಿ ಬಂದ ಮಾಲಿನ ಮೇಲೆ ಕಸ್ಟಮ್ಸ್ ಸುಂಕ, ಅದರ ಮೇಲಿನ ಸರ್ಚಾರ್ಜ್, ಐಜಿಎಸ್‌ಟಿ ಸೇರಿ ಶೇ. 77.28 ಆಗುತ್ತಿತ್ತು. ಸಾಗಣೆ ಸೇರಿ 40,000 ರೂಪಾಯಿಯ ಮಾಲು ಮನೆ ಸೇರುವ ಹೊತ್ತಿಗೆ 70,912. ಈ ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ, ಆರ್ಡರ್ ಮಾಡುವ ವಾರ ಹೊಸ ದರ ವಿಚಾರಿಸಿ. ಬೆಲೆ ಕಡಿಮೆ ಬರೆದು ಕಳಿಸುತ್ತೇನೆ ಅನ್ನುವ ಮಾರಾಟಗಾರನಿಗೆ ‘ಬೇಡ, ನಿಜ ಬೆಲೆ ಬರೆಯಿರಿ’ ಅನ್ನಿ. ಸಿಕ್ಕಿಬಿದ್ದರೆ ಮಾಲು, ದಂಡ ಎರಡೂ ನಮ್ಮ ತಲೆಗೆ. 2020ರ ನವೆಂಬರಿನಲ್ಲಿ ಅಲಿಎಕ್ಸ್‌ಪ್ರೆಸ್ ಆ್ಯಪನ್ನು ಸರ್ಕಾರ ನಿಷೇಧಿಸಿದ ಮೇಲೆ ಕಾರ್ಖಾನೆಯವರ ಜೊತೆ ನೇರವಾಗಿ ಪತ್ರವ್ಯವಹಾರ ಮಾಡುವುದೇ ದಾರಿಯಾಗಿದೆ. ಒಂದು ರೀತಿಯಲ್ಲಿ ಅದೇ ಒಳ್ಳೆಯದು, ಅಳತೆ ಕಾಗದದ ಬಗ್ಗೆ ಪ್ರಶ್ನೆ ಕೇಳಲು ಒಬ್ಬ ಮನುಷ್ಯ ಸಿಗುತ್ತಾನೆ.

ಪೆಟ್ಟಿಗೆ ಬಿಚ್ಚುವಾಗಲೇ ವಿಡಿಯೊ ಮಾಡಿಕೊಳ್ಳಿ. ಮೊಬೈಲ್ ಟಾರ್ಚ್ ಹಾಕಿ ಕೊಳವೆಗಳ ಒಳಗೆ ಇಣುಕಿ: ಸುಕ್ಕು, ಬಿರುಕು, ಗಂಟುಗಂಟಾದ ರಾಳ ಇದೆಯೇ ನೋಡಿ. ಹಿಂದಿನ ಚಕ್ರ ಕೂರುವ ಒಂದು ತುದಿಯಿಂದ ದಾರ ಕಟ್ಟಿ ಹ್ಯಾಂಡಲ್ ಕೊಳವೆ ಸುತ್ತಿಸಿ ಇನ್ನೊಂದು ತುದಿಗೆ ಎಳೆದು, ಸೀಟಿನ ಕೊಳವೆಯಿಂದ ಎರಡೂ ದಾರದ ದೂರ ಅಳೆಯಿರಿ. ಒಂದೇ ಇದ್ದರೆ ಫ್ರೇಮು ನೆಟ್ಟಗಿದೆ. ನಾಣ್ಯದಿಂದ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋದರೆ ಸದ್ದು ಟಣಟಣ ಬರಬೇಕು, ಒಂದು ಕಡೆ ಮಾತ್ರ ಬೊದ್ದು ಅಂದರೆ ಒಳಪದರ ಬಿಟ್ಟಿದೆಯೋ ಎಂಬ ಅನುಮಾನ. ಈ ಪರೀಕ್ಷೆಗಳನ್ನು ಬಿಡಿಭಾಗ ಜೋಡಿಸುವ ಮೊದಲೇ ಮುಗಿಸಬೇಕು, ಜೋಡಿಸಿದ ಮೇಲೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಬಿಡಿಭಾಗಗಳಲ್ಲಿ ನನ್ನ ನಿಯಮ ಸರಳ. ಮುರಿದರೆ ಮುಖ ಒಡೆಯುವಂಥದ್ದರಲ್ಲಿ ಉಳಿತಾಯವಿಲ್ಲ. ಹ್ಯಾಂಡಲ್ ಮತ್ತು ಸ್ಟೆಮ್ ಅಲ್ಯೂಮಿನಿಯಮ್ಮಿನದ್ದೇ ಹಾಕಿದೆ. ಕಾರ್ಬನ್ ಹ್ಯಾಂಡಲಿನಿಂದ ಸಿಗುವ ನೂರು ಗ್ರಾಮಿಗೆ ನಿದ್ದೆ ಕೆಡಿಸಿಕೊಳ್ಳಲಾರೆ. ಬ್ರೇಕು, ಗೇರು ಶಿಮಾನೊ. ಎಲ್‌ಟ್ವೂ, ಸೆನ್ಸಾ ಎಂಬ ಚೀನೀ ಗೇರುಗಳು ಅರ್ಧ ಬೆಲೆಗೆ ಬರುತ್ತವೆ, ಗೆಳೆಯರ ಸೈಕಲ್ಲಿನಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿವೆ. ಆದರೆ ಬಿದ್ದು ಒಂದು ಲಿವರ್ ಮುರಿದರೆ ಮೈಸೂರಿನ ಅಂಗಡಿಯಲ್ಲಿ ಸಿಗುವುದಿಲ್ಲ. ಚೈನು, ಹಲ್ಲುಚಕ್ರ, ಪೆಡಲು, ನೀರಿನ ಬಾಟಲಿಯ ಕೇಜು, ಹೃದಯಬಡಿತದ ಪಟ್ಟಿ ಇವೆಲ್ಲ ಚೀನಾ, ತೈವಾನಿನ ಅಗ್ಗದ್ದೇ ಆಗಲಿ. ಮೇಲುಕೋಟೆ ಹತ್ತಬೇಕೆಂದರೆ ಹಿಂದೆ 32 ಅಥವಾ 34 ಹಲ್ಲಿನದ್ದು ಬೇಕು.

ಚಕ್ರದ ವಿಷಯದಲ್ಲಿ ಎಚ್ಚರ. ರಿಮ್ ಬ್ರೇಕಿನ ಸೈಕಲ್ಲಿಗೆ ಅಗ್ಗದ ಕಾರ್ಬನ್ ರಿಮ್ ಹಾಕಿ ಚಾಮುಂಡಿ ಬೆಟ್ಟ ಇಳಿಯಬೇಡಿ. ಬ್ರೇಕ್ ಒತ್ತಿದಷ್ಟೂ ರಿಮ್ ಕಾಯುತ್ತದೆ, ರಾಳ ಮೆತ್ತಗಾಗುತ್ತದೆ, ಟಯರಿನ ಒತ್ತಡಕ್ಕೆ ಅಂಚು ತೆರೆದುಕೊಳ್ಳಬಹುದು. ಕಾರ್ಬನ್ ಚಕ್ರ ಬೇಕೇ ಬೇಕೆಂದರೆ ಡಿಸ್ಕ್ ಬ್ರೇಕ್ ಇರಲಿ. ಅಂಚಿನಲ್ಲಿ ಕೊಕ್ಕೆಯಿಲ್ಲದ ‘ಹುಕ್‌ಲೆಸ್’ ರಿಮ್ಮಿಗೆ 5 ಬಾರ್, ಅಂದರೆ ಸುಮಾರು 72 ಪಿಎಸ್ಐ ಮೀರಿ ಗಾಳಿ ಹೊಡೆಯಬಾರದು. ಪಂಚರ್ ಅಂಗಡಿಯ ಕಂಪ್ರೆಸರಿನಲ್ಲಿ ‘ಇನ್ನೊಂಚೂರು ಹಾಕು’ ಅನ್ನುವ ಅಭ್ಯಾಸ ಇರುವ ನಮಗೆ ಕೊಕ್ಕೆಯಿರುವ ರಿಮ್ಮೇ ವಾಸಿ. ಟಿಪಿಯು ಟ್ಯೂಬು ಹಗುರ, ಜೇಬಿನಲ್ಲಿ ಹಿಡಿಸುತ್ತದೆ. ಆದರೆ ನಾಲೆ ಏರಿಯ ಜಾಲಿ ಮುಳ್ಳು ಚುಚ್ಚಿದಾಗ ಊರಿನ ಸಲ್ಯೂಷನ್, ರಬ್ಬರ್ ತುಂಡು ಅದಕ್ಕೆ ಅಂಟುವುದಿಲ್ಲ, ಅದರದ್ದೇ ಪ್ಯಾಚ್ ಬೇಕು. ನಾನು ಅದನ್ನು ಬ್ಯಾಗಿನಲ್ಲಿ ಸ್ಪೇರ್ ಆಗಿಯಷ್ಟೇ ಇಟ್ಟಿದ್ದೇನೆ, ಚಕ್ರದಲ್ಲಿರುವುದು ಮಾಮೂಲಿ ರಬ್ಬರ್ ಟ್ಯೂಬು.

ನಮ್ಮ ದೊಡ್ಡಪ್ಪ ಫ್ರೇಮನ್ನು ಒಂದು ಕೈಯಲ್ಲಿ ಎತ್ತಿ ನೋಡಿ, ‘ಇಷ್ಟು ದುಡ್ಗೆ ಒಂದು ಜೊತೆ ಹೋರಿಕರ ಬತ್ತಿದ್ವಲ್ಲಾ ಮಗ, ಏನು ಲಾಭ ಇದ್ರಿಂದ?’ ಎಂದರು. ಕೇಳಬೇಕಾದ ಪ್ರಶ್ನೆಯೇ. ಅಲ್ಯೂಮಿನಿಯಂ ಫ್ರೇಮಿಗೂ ಇದಕ್ಕೂ ತೂಕದಲ್ಲಿ ಸುಮಾರು ಅರ್ಧ ಕೆಜಿ ವ್ಯತ್ಯಾಸ, ತುಂಬಿದ ಒಂದು ನೀರಿನ ಬಾಟಲಿಗಿಂತ ಕಡಿಮೆ. ಹೊಸದಾಗಿ ಶುರು ಮಾಡುವವರಿಗೆ, ಕಾಲೇಜು ಹುಡುಗರಿಗೆ ಇದು ಬೇಡ ಅಂತಲೇ ಹೇಳುತ್ತೇನೆ: ಅಲ್ಯೂಮಿನಿಯಂ ಫ್ರೇಮು, ಕಾರ್ಬನ್ ಫೋರ್ಕು, ಒಳ್ಳೆಯ ಟಯರು ಇರುವ ಸೈಕಲ್ ಇಲ್ಲೇ ಅಂಗಡಿಯಲ್ಲಿ ವಾರಂಟಿ ಸಮೇತ ಸಿಗುತ್ತದೆ. ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕಾದ 200 ಕಿಲೋಮೀಟರಿನ ಬ್ರೆವೆ ಓಟವನ್ನು ಅದರಲ್ಲೇ ಧಾರಾಳವಾಗಿ ಮುಗಿಸಬಹುದು. ತಾನೇ ಬಿಚ್ಚಿ ಜೋಡಿಸುವ ಆಸೆ, ಅಳತೆ ನೋಡುವ ತಾಳ್ಮೆ ಇದ್ದವರಿಗೆ ಮಾತ್ರ ಚೀನಾ ಫ್ರೇಮು ದುಡ್ಡಿಗೆ ತಕ್ಕ ಮಾಲು. ನನಗೆ ಅದು ದಿನವೂ ಖುಷಿ ಕೊಡುತ್ತದೆ. ಏರಿನಲ್ಲಿ ಎದ್ದು ನಿಂತು ತುಳಿದಾಗ ಕಾಲಿನ ಬಲ ಸೋರದೆ ಮುಂದೆ ಹೋಗುತ್ತದೆ.

ಇನ್ನು ಜೋಪಾನದ ಮಾತು. ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ಇಲ್ಲದೆ ಕಾರ್ಬನ್ ಮುಟ್ಟಬೇಡಿ. ಸ್ಟೆಮ್ಮಿನ ಬೋಲ್ಟಿಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್, ಅದರ ಮೇಲೆ ಬರೆದದ್ದನ್ನು ಮೀರಬಾರದು. ಸೀಟ್‌ಪೋಸ್ಟಿಗೆ ಗ್ರೀಸ್ ಬದಲು ಕಾರ್ಬನ್ ಪೇಸ್ಟ್ ಹಚ್ಚಿ; ಬೆವರು ಕುಡಿದ ಅಲ್ಯೂಮಿನಿಯಂ ಪೋಸ್ಟು ಕಾರ್ಬನ್ನಿಗೆ ಕಚ್ಚಿಕೊಂಡರೆ ಬಿಡಿಸುವುದು ಬಲು ಕಷ್ಟ. ನಾನು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಫೋರ್ಕನ್ನು ಪೂರ್ತಿ ಹೊರಗೆಳೆದು ಸ್ಟೆಮ್ ಕಚ್ಚುವ ಜಾಗ, ಕೆಳಬೇರಿಂಗ್ ಕೂರುವ ಜಾಗ ಎರಡನ್ನೂ ಒರೆಸಿ ಬಿಸಿಲಿಗೆ ಹಿಡಿದು ನೋಡುತ್ತೇನೆ. ಜೋರಾಗಿ ಬಿದ್ದ ಮೇಲೆ ವರ್ಷ ಕಾಯುವುದಿಲ್ಲ, ಅಂದೇ ನೋಡುತ್ತೇನೆ. ಫ್ರೇಮಿನ ಕೊಳವೆಯ ಬಿರುಕನ್ನು ಬಲ್ಲವರು ಎಪಾಕ್ಸಿ, ಕಾರ್ಬನ್ ಬಟ್ಟೆ ಸುತ್ತಿ ಸರಿಮಾಡಬಹುದು. ಫೋರ್ಕಿನ ಕೊಳವೆಯಲ್ಲಿ ಉಗುರಿಗೆ ಸಿಗುವ ಅಡ್ಡಗೀರು ಕಂಡರೆ ರಿಪೇರಿಯ ಮಾತಿಲ್ಲ, ಗರಗಸದಲ್ಲಿ ಎರಡು ತುಂಡು ಮಾಡಿ ಎಸೆಯಬೇಕು, ಗುಜರಿಯಿಂದ ಇನ್ನೊಬ್ಬರ ಸೈಕಲ್ಲಿಗೆ ಅದು ಹೋಗಬಾರದು.